ಘಟ್ಟದ ಮೇಲಿನವರು ಕಡಲಿಗೆ ಇಳಿದಾಗ

ಸಕಲೇಶಪುರ ತಾಲ್ಲೂಕಿನ ಬಿಸ್ಲೆ ಘಟ್ಟದ ಹಾದಿಯಲ್ಲಿ, ಮಂಕನಹಳ್ಳಿಯ ಬಳಿ, ಒಂದು ಗುರುತಿನ ಕಲ್ಲು ಇದೆ. ಅದರ ಒಂದು ಮಗ್ಗುಲಿಗೆ ಬಂಗಾಳ ಕೊಲ್ಲಿಯೆಂದೂ ಇನ್ನೊಂದು ಮಗ್ಗುಲಿಗೆ ಅರಬ್ಬೀ ಸಮುದ್ರವೆಂದೂ ಇಂಗ್ಲಿಷಿನಲ್ಲಿ ಬರೆದಿದೆ. ಮಳೆಗಾಲದಲ್ಲಿ ಆ ಕಲ್ಲಿನ ನೆತ್ತಿಗೆ ಬಿದ್ದ ಎರಡು ಹನಿಗಳು ಒಂದೇ ಮೋಡದ ಮಕ್ಕಳಾದರೂ ಒಂದು ಮೂಡಲಿಗೂ ಮತ್ತೊಂದು ಪಡುವಲಿಗೂ ಹರಿದು ಬೇರೆ ಬೇರೆ ಕಡಲುಗಳನ್ನು ಸೇರುತ್ತವೆ. ನಮ್ಮ ಸಕಲೇಶಪುರ, ಆಲೂರು ಸೀಮೆಯ ಬೆಟ್ಟಗಳ ಸ್ವರೂಪವೇ ಹೀಗೆ. ಊರ ನಡುವೆ ಹರಿಯುವ ಹೇಮಾವತಿಯು ಗೊರೂರಿನ ಅಣೆಕಟ್ಟೆಯಲ್ಲಿ ತಂಗಿ, ಕಾವೇರಿಯನ್ನು ಕೂಡಿ, ತಮಿಳುನಾಡನ್ನು ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಶಿರಾಡಿ ಘಟ್ಟದ ರಸ್ತೆಯ ಪಕ್ಕದಲ್ಲೇ ಧುಮುಕುವ ಕೆಂಪುಹೊಳೆಯಾದರೋ ಗುಂಡ್ಯದ ಮೂಲಕ ಕುಮಾರಧಾರೆಯನ್ನೂ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನೂ ಸೇರಿ ಮಂಗಳೂರಿನಲ್ಲಿ ಅರಬ್ಬೀ ಸಮುದ್ರಕ್ಕೆ ಬೀಳುತ್ತದೆ. ಹೀಗೆ ಪಡುವಲಿಗೆ ಹೋಗುವ ನೀರಿನ ಒಂದು ಪಾಲನ್ನು ಮೇಲೆತ್ತಿ ಮೂಡಲಿಗೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ದೊರೆತುದನ್ನೂ ಓದುಗರು ಬಲ್ಲರು.

ನೀರಿನ ಈ ನಂಟನ್ನು ಬಲ್ಲೆವಾದರೂ ಘಟ್ಟದ ಮೇಲಿನ ನಮ್ಮ ಎಷ್ಟೋ ಮನೆಗಳಲ್ಲಿ ಕಡಲನ್ನು ಕಣ್ಣಾರೆ ಕಾಣದ ಹಿರಿಯರು ಇಂದಿಗೂ ಇದ್ದಾರೆ. ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದಂತಿರುವ ಮಂಜರಾಬಾದ್ ಕೋಟೆಯ ಮೇಲೆ ನಿಂತರೆ ಮುಗಿಲು ತಿಳಿಯಾದ ದಿನ ಪಡುವಣ ಕಡಲು ಬೆಳ್ಳಿಯ ಗೆರೆಯಂತೆ ಕಾಣುವುದೆಂದು ಹೇಳುವುದುಂಟು. ಆ ಕೋಟೆಯ ಬುಡದಲ್ಲಿರುವ ಊರಿನ ಹೆಸರು ದೋಣಿಗಲ್. ಬೆಟ್ಟದ ಊರಿಗೆ ದೋಣಿಯ ಹೆಸರು! ದೂರದಿಂದ ಕಂಡ ಆ ಗೆರೆಯ ಹತ್ತಿರಕ್ಕೆ ಹೋಗಿ, ದೋಣಿಯೇರಿ, ಸಾಧ್ಯವಾದರೆ ಕಡಲಿನ ಮಹಾಪ್ರಾಣಿಯಾದ ತಿಮಿಂಗಿಲವನ್ನು ನೋಡಿ ಬರಬೇಕೆಂದು ನಮ್ಮ ಬಳಗದ ಮೂರು ಮನೆಯವರು ಜನವರಿಯಲ್ಲಿ ಕೈಗೊಂಡ ಪಯಣದ ಕಥನವಿದು.

ಹೊರಡುವ ಮುನ್ನ

ಕಾಫಿ ಬೆಳೆಯುವವರಿಗೆ ಬಿಡುವೆಂಬುದು ಅಪರೂಪ. ಅರೇಬಿಕಾ ಹಣ್ಣಿನ ಕೊಯ್ಲು ಮುಗಿದು ರೊಬಸ್ಟಾ ಕೊಯ್ಲು ಬಿರುಸಾಗುವ ಮೊದಲು ಸಿಗುವ ನಾಲ್ಕಾರು ದಿನಗಳನ್ನೇ ನಾವು ಆರಿಸಿಕೊಂಡೆವು. ಕಡಲಿಗೂ ಅದು ತಕ್ಕ ಕಾಲ. ಜೂನ್‌ನಿಂದ ಮಳೆಗಾಲ ಮುಗಿಯುವವರೆಗೆ ಪ್ರವಾಸಿಗರ ದೋಣಿಗಳು ದ್ವೀಪಕ್ಕೆ ಹೋಗುವುದಿಲ್ಲ. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ 61 ದಿನಗಳ ನಿಷೇಧವಿರುತ್ತದೆ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಅಲೆಗಳು ತಣ್ಣಗಿರುತ್ತವೆ.

ಒಟ್ಟು ಹನ್ನೊಂದು ಜನ. ಅವರಲ್ಲಿ ನಾಲ್ವರು ಮಕ್ಕಳು. ಎಲ್ಲರಿಗಿಂತ ಹಿರಿಯರು ಎಪ್ಪತ್ತೆಂಟು ವರ್ಷದ ನಮ್ಮ ದೊಡ್ಡಮ್ಮನವರು. ಮಂಡಿನೋವಿನಿಂದ ಜಗುಲಿಯ ಮೆಟ್ಟಿಲು ಇಳಿಯುವುದಕ್ಕೂ ಗೋಡೆಯನ್ನು ಹಿಡಿಯುವ ಅವರನ್ನು ದೋಣಿ ಹತ್ತಿಸುವುದು ಸರಿಯೇ ಎಂಬ ಮಾತು ಮನೆಯಲ್ಲಿ ಬಲವಾಗಿಯೇ ನಡೆಯಿತು. ಉಡುಪಿಯಲ್ಲಿ ಅವರನ್ನು ಉಳಿಸಿ ಉಳಿದವರು ಹೋಗಿಬರೋಣವೆಂದು ಕೆಲವರು ಸೂಚಿಸಿದರು. ಎಲ್ಲವನ್ನೂ ಕೇಳಿಸಿಕೊಂಡ ದೊಡ್ಡಮ್ಮನವರು, “ಮದುವೆಯಾಗಿ ಬಂದಂದಿನಿಂದ ಈ ಹೊಳೆಯ ನೀರನ್ನು ನೋಡುತ್ತಿದ್ದೇನೆ. ಅದು ಎಲ್ಲಿಗೆ ಹೋಗುತ್ತದೆಂದು ಒಂದು ಸಲವಾದರೂ ನೋಡಬೇಡವೇನಪ್ಪಾ?” ಎಂದರು. ಆ ಮೇಲೆ ಯಾರೂ ಎದುರಾಡಲಿಲ್ಲ. ವೈದ್ಯರನ್ನು ಕಂಡು ಅವರ ಒಪ್ಪಿಗೆಯನ್ನು ಪಡೆದೆವು.

ಮಕ್ಕಳ ಲೆಕ್ಕಾಚಾರವೇ ಬೇರೆ. ಏಳನೆಯ ತರಗತಿಯಲ್ಲಿ ಓದುವ ಹುಡುಗನೊಬ್ಬನು ತಿಮಿಂಗಿಲದ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದಿಕೊಂಡು, ಅದನ್ನು ನೋಡದೆ ಊರಿಗೆ ಹಿಂದಿರುಗುವುದಿಲ್ಲವೆಂದು ಸಾರಿದ್ದನು. ಅವನ ತಂದೆ ಮೊದಲೇ ಎಚ್ಚರಿಸಿದರು: “ಮೃಗಾಲಯದ ಆನೆಯಂತಲ್ಲ ಮಗು ಅದು, ಕಂಡರೆ ನಮ್ಮ ಭಾಗ್ಯ.”

ಹೊಳೆಯ ಜೊತೆಯಲ್ಲಿ

ಸಕಲೇಶಪುರದಿಂದ ಕಡಲಿಗೆ ಇಳಿಯಲು ಎರಡು ಹಾದಿಗಳು. ಒಂದು ರೈಲಿನದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ಈ ಮಾರ್ಗದಲ್ಲಿ 57 ಸುರಂಗಗಳೂ 109 ಸೇತುವೆಗಳೂ ಇವೆ. ಮೀಟರ್ ಗೇಜ್ ಹಳಿಯನ್ನು ಬ್ರಾಡ್ ಗೇಜ್ ಮಾಡುವ ಸಲುವಾಗಿ 1996ರಲ್ಲಿ ನಿಂತ ಪ್ರಯಾಣಿಕರ ಸಂಚಾರ ಮರಳಿ ಆರಂಭವಾದುದು 2007ರ ಡಿಸೆಂಬರ್‌ನಲ್ಲಿ. ಇನ್ನೊಂದು ಶಿರಾಡಿ ಘಟ್ಟದ ರಸ್ತೆ. ಬೇಕೆಂದಲ್ಲಿ ನಿಲ್ಲಿಸಿ ದೊಡ್ಡಮ್ಮನವರ ಕಾಲಿಗೆ ವಿಶ್ರಾಂತಿ ಕೊಡಬಹುದೆಂದು ನಾವು ರಸ್ತೆಯನ್ನೇ ಆರಿಸಿಕೊಂಡೆವು. ಬೆಳಗಿನ ಪೂಜೆ ಮುಗಿಸಿ, ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಮೊಸರನ್ನದ ಬುತ್ತಿಯೊಂದಿಗೆ ಹೊರಟೆವು.

ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮ ಊರಿನಿಂದ ಗುಂಡ್ಯಕ್ಕೆ ಇಳಿಯುವಷ್ಟರಲ್ಲಿ ಹೊದ್ದ ಶಾಲು ಭಾರವೆನಿಸಿತು. ಹಾದಿಯುದ್ದಕ್ಕೂ ಕೆಂಪುಹೊಳೆ ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತ ಜೊತೆಗೂಡಿತ್ತು. ಉಪ್ಪಿನಂಗಡಿಯಲ್ಲಿ ಸಹಸ್ರಲಿಂಗೇಶ್ವರನ ಸನ್ನಿಧಿಯ ಮುಂದೆ ನಿಂತು ಕುಮಾರಧಾರೆಯೂ ನೇತ್ರಾವತಿಯೂ ಕೂಡುವುದನ್ನು ನೋಡಿದೆವು. ಘಟ್ಟದಲ್ಲಿ ಬಂಡೆಯಿಂದ ಬಂಡೆಗೆ ನೆಗೆಯುವ ನೀರು ಅಲ್ಲಿ ಅಗಲವಾಗಿ, ಸಮಾಧಾನದಿಂದ ಮರಳ ಮೇಲೆ ಹರಡಿಕೊಂಡಿತ್ತು. “ತವರಿನಲ್ಲಿ ಕುಣಿದಾಡುವ ಹುಡುಗಿ ಅತ್ತೆಯ ಮನೆ ಹತ್ತಿರವಾದಂತೆ ನಡಿಗೆ ನಿಧಾನ ಮಾಡುತ್ತಾಳೆ” ಎಂದು ದೊಡ್ಡಮ್ಮನವರು ನಕ್ಕರು.

ಮಂಗಳೂರಿನಿಂದ ಉಡುಪಿಗೆ ಹೋಗುವ ದಾರಿಯಲ್ಲಿ ಕಾಪು ಸಿಗುತ್ತದೆ. ಅಲ್ಲಿನ ಕಡಲ ದಂಡೆಯ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ, ಸುಮಾರು 27 ಮೀಟರ್ ಎತ್ತರದ ದೀಪಸ್ತಂಭವಿದೆ. ನಮ್ಮವರಲ್ಲಿ ಹಲವರು ಕಡಲನ್ನು ಹತ್ತಿರದಿಂದ ಮೊದಲ ಬಾರಿಗೆ ಕಂಡುದು ಇಲ್ಲಿಯೇ. ದೊಡ್ಡಮ್ಮನವರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಇದಕ್ಕೆ ಆಚೆ ದಡವೇ ಇಲ್ಲವಲ್ಲ!” ಎಂದು ಮಾತ್ರ ಹೇಳಿದರು. ಆ ರಾತ್ರಿ ಉಡುಪಿಯಲ್ಲಿ ತಂಗಿದೆವು. ಸಸ್ಯಾಹಾರಕ್ಕೆ ಹೆಸರಾದ ಊರಾದುದರಿಂದ ಊಟದ ಚಿಂತೆ ಉಂಟಾಗಲಿಲ್ಲ.

ಮಲ್ಪೆಯ ಬಂದರಿನಲ್ಲಿ

ಉಡುಪಿಯಿಂದ ಆರು ಕಿಲೋಮೀಟರ್ ದೂರದ ಮಲ್ಪೆಯು ರಾಜ್ಯದ ದೊಡ್ಡ ಮೀನುಗಾರಿಕೆ ಬಂದರುಗಳಲ್ಲಿ ಒಂದು. ನಾವು ಬೆಳಗಿನ ಏಳು ಗಂಟೆಗೆ ಅಲ್ಲಿದ್ದೆವು. ಹೊತ್ತು ಏರುವ ಮೊದಲು ಕಡಲು ಶಾಂತವಾಗಿರುತ್ತದೆ. ನೆಲ ಕಾದಂತೆ ಮಧ್ಯಾಹ್ನದ ಹೊತ್ತಿಗೆ ಕಡಲಿನಿಂದ ನೆಲದ ಕಡೆಗೆ ಗಾಳಿ ಬೀಸತೊಡಗಿ ಅಲೆಗಳು ಎತ್ತರವಾಗುತ್ತವೆ. ಆದುದರಿಂದ ಹಿರಿಯರನ್ನೂ ಮಕ್ಕಳನ್ನೂ ಕರೆದೊಯ್ಯುವವರಿಗೆ ಬೆಳಗೇ ಮೇಲು.

ಮೀನಿನ ವಾಸನೆಗೆ ನಮ್ಮ ಕಡೆಯ ಹೆಂಗಸರು ಮೊದಲು ಸೆರಗನ್ನು ಮೂಗಿಗೆ ಹಿಡಿದರು. ಸ್ವಲ್ಪ ಹೊತ್ತಿನಲ್ಲಿ ಅಲ್ಲಿನ ದುಡಿಮೆಯನ್ನು ನೋಡುತ್ತ ವಾಸನೆಯನ್ನು ಮರೆತರು. ರಾತ್ರಿಯೆಲ್ಲ ಕಡಲಿನಲ್ಲಿದ್ದು ಬಂದವರು ಹಗ್ಗ ಸುತ್ತುತ್ತಿದ್ದರು. ಹೆಂಗಸರು ಬುಟ್ಟಿಗಳನ್ನು ತಲೆಗೇರಿಸುತ್ತಿದ್ದರು. ಮುದುಕರು ಹರಿದ ಬಲೆಯನ್ನು ಹೊಲಿಯುತ್ತ ಕುಳಿತಿದ್ದರು. ನಮ್ಮ ಆಹಾರ ಬೇರೆ, ಅವರ ಆಹಾರ ಬೇರೆ. ಬೆವರು ಮಾತ್ರ ಎಲ್ಲರದೂ ಒಂದೇ ಉಪ್ಪು. ಹನ್ನೆರಡನೆಯ ಶತಮಾನದ ಶರಣರ ಬಳಗದಲ್ಲಿ ದೋಣಿ ನಡೆಸುವ ಕಾಯಕದ ಅಂಬಿಗರ ಚೌಡಯ್ಯನವರು ಇದ್ದುದನ್ನು ಮಕ್ಕಳಿಗೆ ನೆನಪಿಸಿದೆವು. ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಡದ ಚೌಡಯ್ಯದಾನಪುರ ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ. ಪುಸ್ತಕದಲ್ಲಿ ಓದಿದ ಅಂಬಿಗ ಎಂಬ ಪದಕ್ಕೆ ಅಂದು ಮಕ್ಕಳ ಕಣ್ಣಮುಂದೆ ಕೈಕಾಲು ಮೂಡಿದವು.

ನಮ್ಮ ಹನ್ನೊಂದು ಜನರಿಗೆ ಸಾಕಾಗುವ ಒಂದು ಸಣ್ಣ ಯಂತ್ರದ ದೋಣಿಯನ್ನು ಗೊತ್ತುಮಾಡಿದೆವು. ದೋಣಿಯ ಮುಖ್ಯಸ್ಥನನ್ನು ಕರಾವಳಿಯಲ್ಲಿ ತಾಂಡೇಲ ಎನ್ನುತ್ತಾರೆ. ನಮ್ಮ ತಾಂಡೇಲರು ಐವತ್ತು ದಾಟಿದವರು, ಮಿತಭಾಷಿಗಳು. ಜೀವರಕ್ಷಕ ಜಾಕೆಟ್ಟನ್ನು ಎಲ್ಲರೂ ತೊಟ್ಟು ಪಟ್ಟಿ ಬಿಗಿಯುವವರೆಗೆ ಅವರು ಯಂತ್ರಕ್ಕೆ ಕೈಹಾಕಲಿಲ್ಲ. ಸೀರೆಯ ಮೇಲೆ ಅದನ್ನು ತೊಡಲು ದೊಡ್ಡಮ್ಮನವರು ಸಂಕೋಚಪಟ್ಟಾಗ, “ನನ್ನ ತಾಯಿಯನ್ನಾದರೂ ಇದಿಲ್ಲದೆ ನಾನು ಕರೆದುಕೊಂಡು ಹೋಗುವುದಿಲ್ಲ ಅಮ್ಮ” ಎಂದರು. ಇಬ್ಬರು ಹಿಡಿದು, ಒಬ್ಬರು ಹಿಂದಿನಿಂದ ಆತು, ದೊಡ್ಡಮ್ಮನವರನ್ನು ನಡುವಿನ ಹಲಗೆಯ ಮೇಲೆ ಕೂರಿಸಿದೆವು. ದೋಣಿಯ ನಡುಭಾಗದಲ್ಲಿ ಓಲಾಟ ಕಡಿಮೆ ಎಂಬುದನ್ನು ಅವರೇ ತಿಳಿಸಿದರು.

ಕಲ್ಲುಕಂಬಗಳ ದ್ವೀಪ

ಮಲ್ಪೆಯಿಂದ ಸುಮಾರು ಆರು ಕಿಲೋಮೀಟರ್ ದೂರದಲ್ಲಿ ಸೇಂಟ್ ಮೇರಿ ದ್ವೀಪಗಳಿವೆ. ಅವು ಒಂದಲ್ಲ, ನಾಲ್ಕು. ಪ್ರವಾಸಿಗರು ಇಳಿಯುವುದು ತೆಂಗಿನ ಮರಗಳಿರುವ ತೋನ್ಸೆಪಾರಿನಲ್ಲಿ. ಪೋರ್ಚುಗೀಸ್ ನಾವಿಕ ವಾಸ್ಕೋ ಡ ಗಾಮನು 1498ರಲ್ಲಿ ಇಲ್ಲಿಗೆ ಬಂದು ಮೇರಿಮಾತೆಯ ಹೆಸರನ್ನಿಟ್ಟನೆಂಬ ಪ್ರತೀತಿಯಿದೆ. ಬಂದರಿನ ಎದುರಿಗೇ ಇರುವ ದರಿಯಾ ಬಹದ್ದೂರ್‌ಗಡದ ಹಳೆಯ ಕೋಟೆಯನ್ನು ಬಿದನೂರಿನ ಬಸಪ್ಪನಾಯಕನು ಕಟ್ಟಿಸಿದನೆಂದು ಹೇಳುತ್ತಾರೆ. ಕೆಳದಿಯ ಅರಸರು ಮಲೆನಾಡಿನಲ್ಲಿ ರಾಜಧಾನಿಯನ್ನಿಟ್ಟುಕೊಂಡು ಕರಾವಳಿಯನ್ನೂ ಆಳಿದವರು. ಘಟ್ಟದ ಮೇಲೆ ಬೆಳೆದ ಮೆಣಸು ಕಡಲನ್ನು ದಾಟಿ ಹೋಗುತ್ತಿದ್ದ ಕಾಲದಲ್ಲಿ ಬೆಟ್ಟವನ್ನಾಳಿದವರಿಗೆ ಬಂದರು ಬೇಕೇಬೇಕಾಗಿತ್ತು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದ ಮೇಲೆ ಆ ಆಳ್ವಿಕೆ ಮುಗಿಯಿತು. ಬೆಟ್ಟಕ್ಕೂ ಕಡಲಿಗೂ ಇರುವ ನಂಟು ನೀರಿನಿಂದ ಮಾತ್ರ ಆದುದಲ್ಲವೆಂದು ಆ ಕೋಟೆಯನ್ನು ಕಂಡಾಗ ಅನಿಸಿತು.

ದ್ವೀಪದಲ್ಲಿ ಇಳಿದೊಡನೆ ಕಣ್ಣಿಗೆ ಬೀಳುವುದು ಕಲ್ಲಿನ ಕಂಬಗಳ ಸಾಲು. ಶಿಲ್ಪಿಯೊಬ್ಬನು ಉಳಿಯಿಂದ ಕಡೆದು ಒತ್ತೊತ್ತಾಗಿ ನಿಲ್ಲಿಸಿದಂತೆ, ಐದು, ಆರು ಮುಖದ ಕಂಬಗಳು. ಕೆಲವು ಆರು ಮೀಟರ್ ಎತ್ತರವಿವೆ. ಇವು ಯಾರೂ ಕಡೆದವಲ್ಲ. ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ ಭೂಮಿಯ ಒಡಲಿನಿಂದ ಉಕ್ಕಿದ ಕಲ್ಲಿನ ರಸವು ಆರುತ್ತ ಕುಗ್ಗಿ, ಕುಗ್ಗುತ್ತ ಬಿರಿದು, ಹೀಗೆ ಕಂಬಗಳಾದವು. ಬೇಸಿಗೆಯಲ್ಲಿ ಒಣಗಿದ ಗದ್ದೆಯ ಕೆಸರು ಹೆಂಚು ಹೆಂಚಾಗಿ ಬಿರಿಯುವುದನ್ನು ಕಂಡ ರೈತರಿಗೆ ಇದು ಬೇಗನೆ ತಿಳಿಯುತ್ತದೆ. ಅಂದು ಭಾರತವೂ ಆಫ್ರಿಕದ ಬಳಿಯ ಮಡಗಾಸ್ಕರ್ ದ್ವೀಪವೂ ಒಂದೇ ನೆಲವಾಗಿದ್ದು, ಬೇರ್ಪಡುವ ಹೊತ್ತಿನಲ್ಲಿ ಈ ಕಲ್ಲು ಉಕ್ಕಿತೆಂದು ಭೂವಿಜ್ಞಾನಿಗಳು ತಿಳಿಸುತ್ತಾರೆ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಎಂಬಲ್ಲಿಯೂ ಇಂತಹ ಕಂಬಗಳಿದ್ದು, ಅವನ್ನು ನೋಡಲು ಲೋಕದ ಮೂಲೆಮೂಲೆಯಿಂದ ಜನ ಬರುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ನಮ್ಮ ಈ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ಕಂಬಗಳ ಮೇಲೆ ಹತ್ತಿ ಹೆಸರು ಗೀಚುವವರನ್ನೂ, ಚಿಪ್ಪುಗಳನ್ನು ಚೀಲಗಟ್ಟಲೆ ತುಂಬಿಕೊಳ್ಳುವವರನ್ನೂ ಕಂಡೆವು. ನಮ್ಮ ಮಕ್ಕಳಿಗೆ ಒಂದೊಂದು ಚಿಪ್ಪು ಸಾಕೆಂದು ದೊಡ್ಡಮ್ಮನವರೇ ಅಪ್ಪಣೆ ಮಾಡಿದರು.

ತಿಮಿಂಗಿಲವನ್ನು ಅರಸುತ್ತ

ದ್ವೀಪದಿಂದ ಹೊರಟ ಮೇಲೆ ತಾಂಡೇಲರು ದೋಣಿಯನ್ನು ಇನ್ನಷ್ಟು ಪಡುವಲಿಗೆ ಒಯ್ದರು. ನೀರಿನ ಬಣ್ಣ ಹಸಿರಿನಿಂದ ನೀಲಿಗೆ ತಿರುಗಿತು. ಹುಡುಗನು ದೋಣಿಯ ಮುಂಭಾಗದಲ್ಲಿ ರೆಪ್ಪೆ ಮಿಟುಕಿಸದೆ ಕುಳಿತಿದ್ದನು.

ತಿಮಿಂಗಿಲವೆಂಬ ಹೆಸರು ನಮ್ಮ ಪುರಾಣಗಳಷ್ಟು ಹಳೆಯದು. ತಿಮಿ ಎಂದರೆ ಹಿರಿಯ ಮೀನು. ಅದನ್ನೂ ನುಂಗುವುದು ತಿಮಿಂಗಿಲ. ವಿಜ್ಞಾನ ಹೇಳುವುದು ಇನ್ನೂ ಸೋಜಿಗದ ಮಾತು. ತಿಮಿಂಗಿಲ ಮೀನೇ ಅಲ್ಲ. ಅದು ನಮ್ಮಂತೆ ಬಿಸಿರಕ್ತದ ಪ್ರಾಣಿ. ನೆತ್ತಿಯ ಮೇಲಿನ ರಂಧ್ರದಿಂದ ಗಾಳಿಯನ್ನು ಉಸಿರಾಡುತ್ತದೆ. ಮರಿ ಹಾಕಿ ಹಾಲೂಡುತ್ತದೆ. ಮೀನು ಬಾಲವನ್ನು ಎಡಬಲಕ್ಕೆ ಬೀಸಿದರೆ ತಿಮಿಂಗಿಲವು ಮೇಲಕ್ಕೂ ಕೆಳಕ್ಕೂ ಬಡಿಯುತ್ತದೆ. ನೀಲಿ ತಿಮಿಂಗಿಲವು ಭೂಮಿಯ ಮೇಲಿನ ಅತಿದೊಡ್ಡ ಜೀವಿ. 30 ಮೀಟರ್‌ವರೆಗೂ ಬೆಳೆಯುತ್ತದೆ. ಹುಟ್ಟಿದ ಮರಿಯೇ ಸುಮಾರು ಏಳು ಮೀಟರ್ ಉದ್ದ. ಇಷ್ಟು ದೊಡ್ಡ ದೇಹವನ್ನು ಅದು ಸಾಕಿಕೊಳ್ಳುವುದು ಸೀಗಡಿಯ ಜಾತಿಯ ಬೆರಳುದ್ದದ ಜೀವಿಗಳನ್ನು ಸೋಸಿ ತಿಂದು.

ಅರಬ್ಬೀ ಸಮುದ್ರದಲ್ಲಿ ಗೂನುಬೆನ್ನಿನ ತಿಮಿಂಗಿಲಗಳ ಒಂದು ಬಳಗವಿದೆ. ಬೇರೆ ಸಾಗರಗಳ ಗೂನುಬೆನ್ನಿನ ತಿಮಿಂಗಿಲಗಳು ಋತುವಿಗೆ ತಕ್ಕಂತೆ ಧ್ರುವದ ಕಡೆಗೆ ಸಾವಿರಾರು ಮೈಲಿ ವಲಸೆ ಹೋಗುತ್ತವೆ. ಅರಬ್ಬೀ ಸಮುದ್ರದವು ವರ್ಷವಿಡೀ ಇಲ್ಲಿಯೇ ಇರುತ್ತವೆ. ಓಮನ್ ತೀರದಲ್ಲಿ ನಡೆದ ಎಣಿಕೆಯ ಅಂದಾಜು ನೂರಕ್ಕಿಂತಲೂ ಕಡಿಮೆ. 2017ರ ಕೊನೆಯಲ್ಲಿ ಓಮನ್‌ನ ಸಂಶೋಧಕರು ಲುಬಾನ್ ಎಂದು ಹೆಸರಿಟ್ಟ ಹೆಣ್ಣು ತಿಮಿಂಗಿಲವೊಂದಕ್ಕೆ ಉಪಗ್ರಹದ ಗುರುತನ್ನು ತೊಡಿಸಿದರು. ಅದು ಅರಬ್ಬೀ ಸಮುದ್ರವನ್ನು ಅಡ್ಡಹಾಯ್ದು ಗೋವೆಯ ಕಡೆಗೆ ಬಂದು, ನಮ್ಮ ಪಶ್ಚಿಮ ತೀರದ ಗುಂಟ ದಕ್ಷಿಣದ ತುದಿಯವರೆಗೆ ಸಾಗಿ, ಮರಳಿ ಓಮನ್ ಸೇರಿತು. ಎಂದರೆ, 2018ರ ಆರಂಭದಲ್ಲಿ ಲುಬಾನ್ ನಮ್ಮ ಕರಾವಳಿಯ ನೀರನ್ನೂ ದಾಟಿ ಹೋಗಿರಬೇಕು. ಇವುಗಳ ಗಂಡುಗಳು ನೀರಿನೊಳಗೆ ದೀರ್ಘವಾಗಿ ಹಾಡುತ್ತವೆ. ಭಾರತದ ಪಶ್ಚಿಮ ತೀರದಲ್ಲಿಯೂ ಆ ಹಾಡು ಸಂಶೋಧಕರ ಯಂತ್ರಗಳಲ್ಲಿ ದಾಖಲಾಗಿದೆ.

ಇದನ್ನೆಲ್ಲ ಕೇಳಿದ ದೊಡ್ಡಮ್ಮನವರು ತಾಂಡೇಲರನ್ನು, “ನೀವು ನೋಡಿದ್ದೀರಾ ತಮ್ಮ?” ಎಂದು ವಿಚಾರಿಸಿದರು. “ಆಳಸಮುದ್ರಕ್ಕೆ ಹೋಗುತ್ತಿದ್ದಾಗ ಎರಡು ಸಲ ಕಂಡಿದ್ದೇನೆ ಅಮ್ಮ. ಮೊದಲು ನೀರಿನ ಹೊಗೆ ಮೇಲೆದ್ದಿತು. ಆಮೇಲೆ ಬೆನ್ನು ಕಂಡಿತು. ಅದು ಮುಗಿಯಿತು ಎಂದುಕೊಂಡರೆ ಇನ್ನೂ ಇತ್ತು. ದಡದ ಹತ್ತಿರ ಬರುವುದು ಅಪರೂಪ,” ಎಂದರು. ಹುಡುಗನ ಮುಖ ಸಣ್ಣದಾಯಿತು.

ಆ ಹೊತ್ತಿಗೆ ಎಡಗಡೆಯ ನೀರು ಒಡೆದು ಬೂದುಬಣ್ಣದ ಬೆನ್ನೊಂದು ಮೇಲೆದ್ದು ಮುಳುಗಿತು. ಅದರ ಹಿಂದೆ ಇನ್ನೊಂದು. ಡಾಲ್ಫಿನ್‌ಗಳು! ತಿಮಿಂಗಿಲಗಳ ಕುಲಕ್ಕೇ ಸೇರಿದ, ಅವುಗಳ ಕಿರಿಯ ದಾಯಾದಿಗಳೆನ್ನಬಹುದಾದ ಜೀವಿಗಳು. ಬೆನ್ನಿನ ಮೇಲೆ ಸಣ್ಣ ಗೂನಿರುವ ಇವು ನಮ್ಮ ಕರಾವಳಿಯ ಅಳಿವೆಗಳ ಬಳಿ ಕಾಣಸಿಗುತ್ತವೆ. ಐದಾರು ಇದ್ದವು. ಒಂದರ ಪಕ್ಕೆಗೆ ಅಂಟಿಕೊಂಡಂತೆ ಪುಟ್ಟ ಮರಿಯೊಂದು ತಾಯಿ ಎದ್ದಾಗ ಏಳುತ್ತ, ಮುಳುಗಿದಾಗ ಮುಳುಗುತ್ತ ಸಾಗಿತ್ತು.

ದೋಣಿಯಲ್ಲಿ ಗದ್ದಲವೆದ್ದಿತು. ಅವು ದೂರ ಸರಿದಂತೆ ನಮ್ಮ ಯುವಕರಿಬ್ಬರು, “ಬೇಗ ಓಡಿಸಿ, ಹತ್ತಿರದಿಂದ ಚಿತ್ರ ತೆಗೆಯಬೇಕು,” ಎಂದು ಒತ್ತಾಯಿಸಿದರು. ಹೆಚ್ಚಿಗೆ ಹಣ ಕೊಡುವುದಾಗಿಯೂ ಹೇಳಿದರು. ತಾಂಡೇಲರು ಅದಕ್ಕೆ ಉತ್ತರ ಕೊಡದೆ ಯಂತ್ರವನ್ನೇ ನಿಲ್ಲಿಸಿಬಿಟ್ಟರು. ಕ್ಷಣಕಾಲ ಅಲೆಯ ಸಪ್ಪಳದ ಹೊರತು ಬೇರೇನೂ ಕೇಳಲಿಲ್ಲ. “ಮರಿ ಇದೆ. ಬೆನ್ನಟ್ಟಿದರೆ ತಾಯಿ ದಿಕ್ಕು ತಪ್ಪಿಸಲು ಓಡುತ್ತದೆ, ಮರಿ ಹಿಂದೆ ಉಳಿಯುತ್ತದೆ. ಯಂತ್ರದ ರೆಕ್ಕೆ ತಗುಲಿದರೆ ಅದರ ಕಥೆ ಮುಗಿಯಿತು,” ಎಂದರು. ಯುವಕರು ಇನ್ನೂ ಗೊಣಗುತ್ತಿದ್ದಾಗ ದೊಡ್ಡಮ್ಮನವರು ತಿರುಗಿ, “ಬಾಣಂತಿಯ ಕೋಣೆಗೆ ಬಾಗಿಲು ತಟ್ಟದೆ ನುಗ್ಗುತ್ತೀರೇನೋ?” ಎಂದು ಕೇಳಿದರು. ಮಾತು ಅಲ್ಲಿಗೆ ನಿಂತಿತು.

ನಾವು ಸುಮ್ಮನೆ ಕುಳಿತೆವು. ಸ್ವಲ್ಪ ಹೊತ್ತಿನ ಮೇಲೆ ಅವು ತಾವಾಗಿಯೇ ದೋಣಿಯ ಕಡೆಗೆ ತಿರುಗಿದವು. ಒಂದು ಎಷ್ಟು ಹತ್ತಿರ ಬಂದಿತೆಂದರೆ ಅದು ಉಸಿರು ಬಿಟ್ಟ ಸದ್ದು, ದಣಿದ ಎತ್ತು ಬುಸುಗುಟ್ಟಿದಂತೆ, ನಮ್ಮೆಲ್ಲರ ಕಿವಿಗೆ ಕೇಳಿಸಿತು. ಆ ಉಸಿರನ್ನು ಕೇಳಿದ ಹುಡುಗನು ಮೆಲ್ಲನೆ, “ಇದೂ ನಮ್ಮ ಹಾಗೆ ಗಾಳಿ ಕುಡಿಯುತ್ತೆ ಅಜ್ಜಿ,” ಎಂದನು. ತಿಮಿಂಗಿಲ ಆ ದಿನ ಕಾಣಲಿಲ್ಲ. ಅದಕ್ಕಾಗಿ ಅವನು ಮತ್ತೆ ಹಟ ಹಿಡಿಯಲೂ ಇಲ್ಲ.

ಕೊಲ್ಲುವ ಕಣ್ಣೂ ಕಾಯುವ ಕಣ್ಣೂ

ತಿಮಿಂಗಿಲವನ್ನು ಮನುಷ್ಯನು ನೋಡಲು ಹೋಗತೊಡಗಿದ್ದು ಇತ್ತೀಚೆಗೆ; ಅದಕ್ಕೆ ಮೊದಲು ಅವನು ಹೋಗುತ್ತಿದ್ದುದು ಕೊಲ್ಲಲು. ಪಶ್ಚಿಮ ದೇಶಗಳ ಬೀದಿದೀಪಗಳು ಒಂದು ಕಾಲದಲ್ಲಿ ತಿಮಿಂಗಿಲದ ಎಣ್ಣೆಯಿಂದ ಉರಿದವು. ಬೇಟೆಯ ಹಡಗುಗಳು ಸಾಗರಗಳನ್ನು ಬರಿದು ಮಾಡತೊಡಗಿದ ಮೇಲೆ ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗವು 1982ರಲ್ಲಿ ವಾಣಿಜ್ಯ ಬೇಟೆಯನ್ನು ನಿಲ್ಲಿಸಲು ತೀರ್ಮಾನಿಸಿತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯ ರಕ್ಷಣೆ ತಿಮಿಂಗಿಲಗಳಿಗೆ ಇದೆ. ಸ್ಪರ್ಮ್ ತಿಮಿಂಗಿಲದ ಹೊಟ್ಟೆಯಲ್ಲಿ ಉಂಟಾಗುವ ಅಂಬರ್‌ಗ್ರಿಸ್ ಎಂಬ ಗಟ್ಟಿ ಪದಾರ್ಥವನ್ನು ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧ. ದುಬಾರಿ ಬೆಲೆಯ ಆಸೆಗೆ ಅದನ್ನು ಸಾಗಿಸಿ ಸಿಕ್ಕಿಬಿದ್ದವರ ಸುದ್ದಿ ನಮ್ಮ ರಾಜ್ಯದಲ್ಲಿಯೂ ಬಂದುದುಂಟು.

ಕಾನೂನಿಗಿಂತಲೂ ಕರುಳಿನ ಮಾತು ಹೆಚ್ಚು ಕೆಲಸ ಮಾಡಿದ ನಿದರ್ಶನ ಗುಜರಾತಿನಲ್ಲಿದೆ. ಅಲ್ಲಿನ ತೀರಕ್ಕೆ ಬರುವ ತಿಮಿಂಗಿಲ ಶಾರ್ಕ್, ಹೆಸರಿನಲ್ಲಿ ತಿಮಿಂಗಿಲವಿದ್ದರೂ, ನಿಜವಾದ ಮೀನು, ಮೀನುಗಳಲ್ಲೆಲ್ಲ ಅತಿದೊಡ್ಡದು. ಅದರ ಎಣ್ಣೆಗಾಗಿ ಬೇಟೆಯಾಡುತ್ತಿದ್ದರು. 2001ರಲ್ಲಿ ಅದಕ್ಕೆ ಕಾಯಿದೆಯ ರಕ್ಷಣೆ ದೊರೆಯಿತು. 2004ರಲ್ಲಿ ಆರಂಭವಾದ ಆಂದೋಲನದಲ್ಲಿ ರಾಮಕಥೆಯ ಪ್ರವಚನಕಾರರಾದ ಮೊರಾರಿ ಬಾಪು ಅವರು, ಇದು ಹೆರಿಗೆಗೆ ತವರಿಗೆ ಬಂದ ಮಗಳೆಂದು ಬೆಸ್ತರಿಗೆ ತಿಳಿಹೇಳಿದರು. ತವರಿಗೆ ಬಂದ ಮಗಳನ್ನು ಕೊಲ್ಲುವರುಂಟೆ? ಬಲೆಗೆ ಬಿದ್ದ ಶಾರ್ಕನ್ನು ಬಿಡಿಸಲು ಬೆಸ್ತರು ತಮ್ಮ ಬೆಲೆಬಾಳುವ ಬಲೆಯನ್ನೇ ಕತ್ತರಿಸತೊಡಗಿದರು. ದೊಡ್ಡಮ್ಮನವರು ಬಾಣಂತಿಯ ಕೋಣೆಯ ಮಾತನ್ನಾಡಿದಾಗ ನನಗೆ ನೆನಪಾದುದು ಇದೇ.

ನಮ್ಮ ಹೊಳೆಗಳ ಹೊಣೆ

ಕಡಲನ್ನು ಕಾಯುವ ಹೊಣೆ ಕರಾವಳಿಯವರದೆಂದು ಘಟ್ಟದ ಮೇಲಿನವರು ಎಣಿಸುವುದು ಸಹಜ. ಬಿಸ್ಲೆಯ ಕಲ್ಲು ಹೇಳುವುದು ಬೇರೆ. ಕಾಫಿಯ ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿ ತೊಳೆಯುವಾಗ ಬಹಳ ನೀರು ಬೇಕು. ಹಾಗೆ ತೊಳೆದ ನೀರು ಹುಳಿಯಾಗಿರುತ್ತದೆ. ಅದನ್ನು ಹಾಗೆಯೇ ಹಳ್ಳಕ್ಕೆ ಬಿಟ್ಟರೆ ಕೊಳೆಯುವಾಗ ಹಳ್ಳದ ನೀರಿನ ಆಮ್ಲಜನಕವನ್ನೆಲ್ಲ ಹೀರಿ ಮೀನುಗಳನ್ನು ಸಾಯಿಸುತ್ತದೆ. ಕೆಳಗಿನ ಊರಿನವರ ಕುಡಿಯುವ ನೀರೂ ಕೆಡುತ್ತದೆ. ಹೊಂಡಗಳಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ತೆಗೆದು, ತಿಳಿಯಾದ ಮೇಲೆ ಬಿಡುವ ಕ್ರಮವಿದೆ. ಕಡಿಮೆ ನೀರಿನಲ್ಲಿ ಕೆಲಸ ಮಾಡುವ ಯಂತ್ರಗಳೂ ಬಂದಿವೆ. ಇವನ್ನು ಅನುಸರಿಸುವ ಬೆಳೆಗಾರರು ಅನೇಕರಿದ್ದಾರೆ. ರಾತ್ರಿಯ ಹೊತ್ತು ತೂಬು ತೆರೆಯುವವರೂ ಇಲ್ಲದಿಲ್ಲ.

ಪ್ಲಾಸ್ಟಿಕ್ಕಿನದು ಇನ್ನೊಂದು ಕಥೆ. ಗಿಡ ಬೆಳೆಸುವ ಕಪ್ಪು ಚೀಲ, ಗೊಬ್ಬರದ ಚೀಲ, ಮದುವೆಯ ಊಟದ ಲೋಟ, ಎಲ್ಲವೂ ಮೊದಲ ಮುಂಗಾರಿಗೆ ಹಳ್ಳ ಸೇರುತ್ತವೆ. 2019ರ ಮಾರ್ಚ್‌ನಲ್ಲಿ ಫಿಲಿಪ್ಪೀನ್ಸ್ ದೇಶದ ದಡದಲ್ಲಿ ಸತ್ತ ಒಂದು ತಿಮಿಂಗಿಲದ ಹೊಟ್ಟೆಯಲ್ಲಿ 40 ಕಿಲೋ ಪ್ಲಾಸ್ಟಿಕ್ ಸಿಕ್ಕಿತು. ಅಕ್ಕಿಯ ಚೀಲಗಳೂ ಅದರಲ್ಲಿದ್ದವು. ಆ ಪ್ರಾಣಿ ಹಸಿದೇ ಸತ್ತಿತ್ತು. ನಮ್ಮ ಹಳ್ಳದಿಂದ ಹೋದ ಚೀಲ ಯಾವ ಜೀವದ ಗಂಟಲಿಗೆ ಸಿಕ್ಕುವುದೋ ಹೇಳಬಲ್ಲವರು ಯಾರು? ದಯೆಯೆಂಬುದು ಕಣ್ಣಿಗೆ ಕಾಣುವ ಪ್ರಾಣಿಗೆ ಮಾತ್ರ ಸಲ್ಲುವುದಾದರೆ ಅದು ಅರ್ಧ ದಯೆ. ನಾವು ತಿಮಿಂಗಿಲವನ್ನು ಕಾಣದೆ ಬಂದೆವು. ಕಾಣದಿದ್ದರೂ ಅದಕ್ಕೆ ನಾವು ಸಲ್ಲಿಸಬೇಕಾದುದು ಇದ್ದೇ ಇದೆ.

ಹೋಗಬಯಸುವವರಿಗೆ

ಸಕಲೇಶಪುರದಿಂದ ಮಂಗಳೂರಿಗೆ ಸುಮಾರು 130 ಕಿಲೋಮೀಟರ್. ಅಲ್ಲಿಂದ ಉಡುಪಿಗೆ ಇನ್ನೂ ಸುಮಾರು 60. ಎರಡು ದಿನಗಳ ಬಿಡುವು ಸಾಕು. ಹತ್ತು, ಹನ್ನೆರಡು ಜನರ ಸಣ್ಣ ಗುಂಪು ಲೇಸು. ಹಿರಿಯರ ಕೈಹಿಡಿಯಲು ಜನವಿರುತ್ತದೆ, ಗದ್ದಲವೂ ಕಡಿಮೆ. ದೋಣಿ ಹತ್ತುವ ಮೊದಲು ಹೊಟ್ಟೆ ತುಂಬ ಉಣ್ಣಬಾರದು, ಬರಿಹೊಟ್ಟೆಯಲ್ಲಿಯೂ ಇರಬಾರದು. ಇಡ್ಲಿಯಂತಹ ಹಗುರವಾದ ತಿಂಡಿ ಒಳ್ಳೆಯದು. ಒಂದು ತುಂಡು ಶುಂಠಿ ಜೊತೆಗಿರಲಿ. ವಾಕರಿಕೆಯಾದಾಗ ದೋಣಿಯೊಳಗನ್ನು ನೋಡದೆ ದೂರದ ದಿಗಂತವನ್ನು ನೋಡಬೇಕು. ಜೀವರಕ್ಷಕ ಜಾಕೆಟ್ ಕೊಡದ ದೋಣಿಯನ್ನು ಹತ್ತಬಾರದು. ದ್ವೀಪದಲ್ಲಿ ತಂಗಲು ಅವಕಾಶವಿಲ್ಲ. ಬಂಡೆಗಳ ಕಡೆಯ ನೀರಿಗೆ ಇಳಿಯುವುದು ಅಪಾಯ. ಒಯ್ದ ಬುತ್ತಿಯ ಕಾಗದವನ್ನೂ ಬಾಟಲಿಯನ್ನೂ ಮರಳಿ ತರಬೇಕು.

ನೀಲಿ ತಿಮಿಂಗಿಲವನ್ನೇ ನೋಡಬೇಕೆಂಬವರು ಶ್ರೀಲಂಕೆಯ ದಕ್ಷಿಣ ತುದಿಯ ಮಿರಿಸ್ಸಕ್ಕೆ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಹೋಗುವುದುಂಟು. ಎಲ್ಲಿಗೇ ಹೋದರೂ ನಿಯಮ ಒಂದೇ: ಪ್ರಾಣಿಯಿಂದ ನೂರು ಮೀಟರ್‌ನಷ್ಟಾದರೂ ದೂರವಿರಬೇಕು, ಅದರ ದಾರಿಗೆ ಅಡ್ಡ ಹೋಗಬಾರದು, ಬೆನ್ನಟ್ಟಬಾರದು. ಹತ್ತಿರ ಬರುವುದೂ ಬಿಡುವುದೂ ಅದರ ಇಚ್ಛೆ.

ಮನೆಯಲ್ಲಿ ಕಡಲು ಕಾಣದ ಹಿರಿಯರಿದ್ದರೆ ಅವರನ್ನು ತಪ್ಪದೆ ಕರೆದುಕೊಂಡು ಹೋಗಿ. ಮಂಡಿ ನೋಯುವುದೆಂದು ಮುಂದೂಡಿದ ಪಯಣಗಳಿಗೆ ಮುಂದಿನ ವರ್ಷ ಬರುವುದೆಂಬ ಭರವಸೆಯಿಲ್ಲ. ಮಕ್ಕಳಿಗೆ ಕಡಲನ್ನು ತೋರಿಸಬಲ್ಲವರು ಬಹಳ ಮಂದಿ. ಕಡಲಿನ ಮುಂದೆ ಹೇಗೆ ನಡೆದುಕೊಳ್ಳಬೇಕೆಂಬುದನ್ನು ತೋರಿಸಲು ಒಬ್ಬ ಅಜ್ಜಿಯಾದರೂ ದೋಣಿಯಲ್ಲಿರಬೇಕು.